ಧೂಳಿನ ಮೇಲೆ ಎಳೆದ ಗೆರೆ

ನಟ್ಟು ಬೆರಳಲ್ಲೇ ತಿರುಗಿತು.

ಸ್ಪ್ಯಾನರ್ ಬೇಕಾಗಲಿಲ್ಲ, ಬಲ ಹಾಕಬೇಕಾಗಲಿಲ್ಲ. ಎಣ್ಣೆ ಬಾಟಲಿಯ ಮುಚ್ಚಳದಷ್ಟೇ ಸಲೀಸಾಗಿ ತಿರುಗಿಬಿಟ್ಟಿತು. ಇನ್ಸ್‌ಪೆಕ್ಟರ್ ಕೈ ಹಿಂದಕ್ಕೆಳೆದುಕೊಂಡು ಕುಕ್ಕರುಗಾಲಲ್ಲಿ ಕೂತಳು. ಮುಟ್ಟುವ ಮೊದಲು ಫೋಟೊ ಹಿಡಿದಿಟ್ಟುಕೊಂಡಿದ್ದಳು, ಸದ್ಯ.

ಠಾಣೆಯ ಹಿತ್ತಲಲ್ಲಿ ಜೀಪು ಮಗ್ಗುಲಾಗಿ ಬಿದ್ದಿತ್ತು, ಕಾಯಿಲೆ ಬಿದ್ದ ದನದ ಹಾಗೆ. ಹೋದ ವಾರ ಇದೇ ಜೀಪು ಗುಡ್ಡದ ಕಲ್ಲುದಾರಿಯಲ್ಲಿ ತನ್ನಷ್ಟಕ್ಕೆ ತಾನೇ ಬಲಕ್ಕೆ ತಿರುಗಿ ಕಮರಿಗೆ ಉರುಳಿತ್ತು. ಗುಡ್ಡದ ತುದಿಯ ಮೊಬೈಲ್ ಟವರಿಗೆ ಡೀಸೆಲ್ ಒಯ್ಯುತ್ತಿದ್ದ ಅವಳ ಭಾವ ಅಲ್ಲೇ ತೀರಿಕೊಂಡಿದ್ದರು.

ಅದಕ್ಕೆ ಸ್ವಲ್ಪ ಮೊದಲು ಜೀಪಿನ ಸ್ಪ್ರಿಂಗಿನ ಸವೆದುಹೋದ ಕಮಾನು ಪಟ್ಟಿಗಳನ್ನು ಬದಲಿಸಿ ಹೊಸದು ಕೂರಿಸಿದವರು ದೊಡ್ಡಪ್ಪ. ಸತ್ತವರಿಗೆ ಹೆಣ್ಣು ಕೊಟ್ಟ ಮಾವ. ಇನ್ಸ್‌ಪೆಕ್ಟರನ್ನು ಸಾಕಿ, ಓದಿಸಿ, ಈ ಖಾಕಿ ಬಟ್ಟೆಗೆ ತಂದವರೂ ಅವರೇ.

"ಸಂಬಂಧಿಕರ ಕೇಸು ನಿನ್ನ ಕೈಲಿ ಇರೋದು ಸರಿ ಅಲ್ಲಮ್ಮ," ಎಂದು ಮೇಲಧಿಕಾರಿ ಬೆಳಗ್ಗೆ ಹೇಳಿದ್ದರು. "ಸಂಜೆಗೆ ಪಕ್ಕದ ಠಾಣೆಯ ಆ ಮೀಸೆ ಇನ್ಸ್‌ಪೆಕ್ಟರ್ ಬಂದು ವಹಿಸ್ಕೊಳ್ತಾನೆ. ಅಷ್ಟರಲ್ಲಿ ಏನಾದ್ರೂ ಸಿಕ್ಕಿದ್ರೆ ನೋಡು. ಇಲ್ಲಾಂದ್ರೆ ನಿಮ್ಮ ದೊಡ್ಡಪ್ಪನ್ನ ಒಳಗೆ ಹಾಕದೆ ಬೇರೆ ದಾರಿ ಇಲ್ಲ."

ಅವಳು ಮತ್ತೆ ಬಗ್ಗಿದಳು.

ಚಕ್ರದ ಅಚ್ಚನ್ನು ಕಮಾನು ಪಟ್ಟಿಗಳ ಕಟ್ಟಿಗೆ ಬಿಗಿದು ಹಿಡಿಯುವುದು ಯು-ಬೋಲ್ಟು ಎನ್ನುವ ಬಗ್ಗಿಸಿದ ಸರಳು. ಅದರ ತುದಿಯ ನಟ್ಟು ಸಡಿಲಾದರೆ ಅಚ್ಚು ಪಟ್ಟಿಯ ಮೇಲೆ ಜಾರುತ್ತದೆ. ಪಟ್ಟಿಗಳ ನಡುವಿನ ಬೋಲ್ಟು ಕತ್ತರಿಸಿಹೋಗುತ್ತದೆ. ಆಮೇಲೆ ಸ್ಟೇರಿಂಗ್ ಹಿಡಿದವನು ಒಂದು ಕಡೆ ಹೋಗೆಂದರೆ ಗಾಡಿ ಇನ್ನೊಂದು ಕಡೆ ಹೋಗುತ್ತದೆ. ಇಲ್ಲಿ ಆದದ್ದೂ ಅದೇ. ಬಲಗಡೆಯ ನಟ್ಟುಗಳು ಕಲ್ಲಿನಂತೆ ಬಿಗಿಯಾಗಿದ್ದವು. ಎಡಗಡೆಯವು ನಾಲ್ಕೂ ಬೆರಳಿಗೇ ತಿರುಗುವಂತಿದ್ದವು.

ಆದರೆ ಅವಳ ಕಣ್ಣು ನೆಟ್ಟದ್ದು ಅದರ ಮೇಲಲ್ಲ. ಪ್ರತಿ ನಟ್ಟಿನ ಮೇಲೂ ಕಡ್ಡಿಯಷ್ಟು ಸಣ್ಣ ಹಳದಿ ಗೆರೆಯೊಂದಿತ್ತು. ನಟ್ಟಿನ ಮೈಮೇಲೆ ಶುರುವಾಗಿ ಅದರಡಿಯ ಕಬ್ಬಿಣದ ತಟ್ಟೆಯ ಮೇಲೆ ಮುಗಿಯುವ ಗೆರೆ. ದೊಡ್ಡಪ್ಪನ ರಿಪೇರಿ ಶೆಡ್ಡಿನ ಗುರುತು. ಬಿಗಿಮಾಡಿದ ಮೇಲೆ ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ತುಂಡಾಗಿ, ಅರ್ಧ ನಟ್ಟಿನ ಜೊತೆ ಸರಿದು, ಅರ್ಧ ತಟ್ಟೆಯ ಮೇಲೆ ಉಳಿಯಬೇಕು.

ಫೋಟೊದಲ್ಲಿ ನಾಲ್ಕು ಗೆರೆಗಳೂ ತುಂಡಾಗಿರಲಿಲ್ಲ. ಒಣಗಿದ ಬಣ್ಣದ ಅಂಟೊಂದೇ ನಟ್ಟುಗಳನ್ನು ಹಿಡಿದು ಕೂರಿಸಿತ್ತು. ಬೆರಳು ತಾಗಿದೊಡನೆ ಚಿಟ್ಟೆಂದು ಬಿಟ್ಟುಕೊಟ್ಟಿತು.

ಅಂದರೆ ಗೆರೆ ಎಳೆಯುವ ಹೊತ್ತಿಗೇ ನಟ್ಟು ಸಡಿಲವಾಗಿತ್ತು.

ಉಗುರಿನಿಂದ ಬಣ್ಣದ ಚಕ್ಕೆಯೊಂದನ್ನು ಎಬ್ಬಿಸಿ ಅಂಗೈ ಮೇಲೆ ಮಗುಚಿದಳು. ಅದರ ಬೆನ್ನಿಗೆ ಗುಡ್ಡದ ಕೆಂಪು ಧೂಳು ಅಂಟಿತ್ತು. ಬಲಗಡೆಯ ಗೆರೆಯಿಂದ ಎತ್ತಿದ ಚಕ್ಕೆಯ ಬೆನ್ನು ಕನ್ನಡಿಯ ಹಾಗೆ ಶುಭ್ರವಾಗಿತ್ತು.

ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸದೆ ಯಾರೋ ಬಣ್ಣ ಬಳಿದಿದ್ದರು. ದೊಡ್ಡಪ್ಪ ಊಟ ಬಿಟ್ಟಾರು, ಒರೆಸುವುದನ್ನು ಬಿಟ್ಟವರಲ್ಲ.

*

ಆ ಗೆರೆಯ ಕಥೆ ಅವಳಿಗೆ ಚೆನ್ನಾಗಿ ಗೊತ್ತು.

ಹೊಸ ಪಟ್ಟಿ ಕೂರಿಸಿದ ಗಾಡಿಯನ್ನು ದೊಡ್ಡಪ್ಪ ಒಂದೇ ಸಲಕ್ಕೆ ಬಿಟ್ಟುಕೊಡುವವರಲ್ಲ. ಭಾರ ಹೇರಿಕೊಂಡು ಕಲ್ಲುದಾರಿಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ಪಟ್ಟಿಗಳು ಒಂದರ ಮೇಲೊಂದು ಕೂತುಕೊಳ್ಳುತ್ತವೆ, ನಟ್ಟು ತುಸು ಸಡಿಲವಾಗುತ್ತದೆ. ಆಗ ಅವರು ಚಕ್ರದಡಿ ಮರದ ದಿಮ್ಮಿ ಕೊಟ್ಟು ಗಾಡಿ ಕೆಳಗೆ ನುಸುಳಿ, ನಟ್ಟುಗಳನ್ನು ಪೂರಾ ಸಡಿಲಿಸಿ, ಮತ್ತೆ ಮೊದಲಿಂದ ಬಿಗಿದು, ಒರೆಸಿ, ಅಲ್ಲಿಂದಲೇ ಕೂಗುತ್ತಿದ್ದರು: "ಗೆರೇ!"

ಬಿಗಿದ ಕೈ ಗೆರೆ ಎಳೆಯಬಾರದು ಎನ್ನುವುದು ಶೆಡ್ಡಿನ ಕಟ್ಟಳೆ. ಎಳೆಯುವವರು ಇನ್ನೊಬ್ಬರಾಗಿರಬೇಕು. "ನನ್ನ ಕಣ್ಣಿಗೆ ನನ್ನ ತಪ್ಪು ಕಾಣಲ್ಲ, ಇನ್ನೊಂದು ಜೊತೆ ಕಣ್ಣು ಬೇಕು," ಎನ್ನುತ್ತಿದ್ದರು. ಆ ಕೂಗು ಕೇಳಿದೊಡನೆ ಚಿಕ್ಕಂದಿನಲ್ಲಿ ಅವಳೂ, ದೊಡ್ಡಪ್ಪನ ಮಗಳು ಅಕ್ಕನೂ ಹಳದಿ ಡಬ್ಬಿಗಾಗಿ ಬಿದ್ದಂಬೀಳ ಓಡುತ್ತಿದ್ದರು. ಜಡೆ ಎಳೆದಾಡಿ, ಕುಂಚ ಕಿತ್ತಾಡಿ, ಇಬ್ಬರ ಲಂಗವೂ ಹಳದಿ.

ಹಾಗಾದರೆ ಈ ಧೂಳಿನ ಮೇಲೆ ಕುಂಚ ಆಡಿಸಿದ ಕೈ ಯಾವುದು? ಯಾರೆಂದು ಗೊತ್ತೇ ಇತ್ತು. ಗೊತ್ತಿರದಿದ್ದರೆ ಚೆನ್ನಾಗಿತ್ತು.

*

ಶೆಡ್ಡಿನ ಬಾಗಿಲಲ್ಲಿ ಬ್ಯಾಟರಿ ಕೂತಿದ್ದ. ಗಾಡಿಗಳ ವೈರು, ಬ್ಯಾಟರಿ ಅವನ ಪಾಲಿನ ಕೆಲಸ. ಹೆಸರು ಹೋಗಿ ಕೆಲಸವೇ ಹೆಸರಾಗಿ ಎಷ್ಟೋ ಕಾಲವಾಗಿತ್ತು. ಅವನ ದನಿಯೋ, ನೀರು ಹೊಕ್ಕ ಹಾರನ್ನಿನ ಹಾಗೆ ಸದಾ ಗೊರಗೊರ.

"ಬನ್ನಿ ಮೇಡಮ್ಮ. ಕೈಕೋಳ ತಂದಿದ್ದೀರಾ, ಇಲ್ಲ ಬರೀ ಆ ಮುಖ ತಂದಿದ್ದೀರಾ?"

"ನಿನಗೆ ಬೇಕಿತ್ತಾ ಕೋಳ?"

"ನನ್ನ ಕೈಗೆ ಹಾಕಿದ್ರೆ ಆಸಿಡ್ ತಾಗಿ ನಿಮ್ಮ ಕೋಳವೇ ಕರಗಿಹೋಗುತ್ತೆ. ಆಮೇಲೆ ಸರ್ಕಾರಕ್ಕೆ ನಷ್ಟ."

ಅವಳು ನಗಲಿಲ್ಲ. "ಭಾವನಿಗೂ ನಿನಗೂ ಜಗಳ ಆಗಿತ್ತಂತೆ."

ಬ್ಯಾಟರಿಯ ಮುಖದ ಹುಡುಗಾಟ ಇಳಿಯಿತು. "ಆಗಿತ್ತು. ಹೊಸದು ಅಂತ ಹೇಳಿ ಹಳೇ ಬ್ಯಾಟರಿ ಹಾಕ್ದೆ ಅಂತ ಬೈದ್ರು. ಹಾಕಿದ್ದು ನಿಜ, ಯಾಕೆ ಸುಳ್ಳು ಹೇಳ್ಲಿ. ತಪ್ಪಾಯ್ತು ಅನ್ನೋಣ, ಇವತ್ತು ಬೇಡ ನಾಳೆ ಅನ್ನೋಣ ಅಂತ ಮುಂದೂಡ್ತಾ ಬಂದೆ. ಈಗ ಯಾರಿಗೆ ಹೇಳ್ಲಿ? ಅವರ ಫೋಟೊಗೆ ಹೇಳಿ ಬಂದೆ ನಿನ್ನೆ. ಫೋಟೊ ಏನು, ನಗ್ತಾನೇ ಇರುತ್ತೆ."

"ಭಾವ ಗುಡ್ಡಕ್ಕೆ ಹೊರಟ ದಿನ ಮಧ್ಯಾಹ್ನ ನೀನು ಎಲ್ಲಿದ್ದೆ?"

"ಊಟಕ್ಕೆ ಮನೆಗೆ ಹೋಗಿದ್ದೆ. ಬೇಕಾದ್ರೆ ನನ್ನ ಹೆಂಡತೀನ ಕೇಳಿ. ಅವಳು ನನ್ನ ಪರವಾಗಿ ಸುಳ್ಳು ಹೇಳೋ ಪೈಕಿ ಅಲ್ಲ, ನನ್ನ ಪರ ನಿಜ ಹೇಳೋದೇ ಅವಳಿಗೆ ಕಷ್ಟ."

"ನೀನು ಹೋಗುವಾಗ ದೊಡ್ಡಪ್ಪ ಜೀಪಿನ ಕೆಳಗಿದ್ರಾ?"

"ಎಲ್ಲಿ? ಬಲಗಡೆ ಮುಗಿಸಿ ಎದ್ದಿದ್ರು. ಓವರಾಲ್ ಬಿಚ್ಚಿ ಮೊಳೆಗೆ ನೇತುಹಾಕಿ, ಇಸ್ತ್ರಿ ಶರ್ಟ್ ಹಾಕ್ಕೊಂಡು ತಲೆ ಬಾಚ್ಕೋತಾ ಇದ್ರು. 'ಏನ್ ಮೇಸ್ತ್ರಿ, ಹೆಣ್ಣು ನೋಡೋಕಾ?' ಅಂದೆ. ಬೇರೆ ದಿನ ಆಗಿದ್ರೆ ಜಾಕಿ ರಾಡ್ ತಗೊಂಡು ಅಟ್ಟಿಸ್ಕೊಂಡು ಬರೋರು. ಅವತ್ತು ಕೇಳಿಸ್ಕೊಳ್ಳದವರ ಹಾಗೆ ಹೋಗ್ಬಿಟ್ರು."

"ಎಲ್ಲಿಗೆ?"

"ಕೇಳೋ ಧೈರ್ಯ ಬರೋ ಮುಖ ಅಲ್ಲ ಅದು."

*

ಒಳಗೆ ದೊಡ್ಡಪ್ಪ ನೆಲದ ಮೇಲೆ ಕೂತು ಹಳೆಯ ಪಟ್ಟಿಗಳನ್ನು ಜೋಡಿಸಿಕೊಂಡಿದ್ದರು. ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜುತ್ತಿದ್ದರು. ಯಾರಿಗೂ ಬೇಡದ ಕೆಲಸ. ಕನ್ನಡಕವಿಲ್ಲದೆ ಪಟ್ಟಿಯನ್ನು ಮೂಗಿನ ತನಕ ತಂದುಕೊಂಡು ನೋಡುತ್ತಿದ್ದರು.

"ಬಂದ್ಯಾ ಪುಟ್ಟಿ. ಕೂತ್ಕೋ."

ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಇನ್ಸ್‌ಪೆಕ್ಟರ್ ಆ ಶೆಡ್ಡಿನಲ್ಲಿ ಇನ್ನೂ ಪುಟ್ಟಿಯೇ. ಅವಳು ಟೂಲು ಪೆಟ್ಟಿಗೆಯ ಮೇಲೆ ಕೂತಳು.

"ಇದನ್ನ ನೋಡು," ಎಂದು ದೊಡ್ಡಪ್ಪ ಪಟ್ಟಿಯೊಂದನ್ನು ಎತ್ತಿದರು. "ಬಾಗು ಹೋಗಿ ಚಪ್ಪಟೆ ಆಗಿತ್ತು, ಅಷ್ಟೇ. ಬೇಡ ಮಾವ, ಇನ್ನೂ ಸ್ವಲ್ಪ ದಿನ ಓಡುತ್ತೆ ಅಂದ ಅವನು. ನಾನೇ ಹಟ ಹಿಡಿದೆ. ನನ್ನ ಮಗಳ ಗಂಡ ಎತ್ತಿ ಹಾಕಿಸ್ಕೊಂಡು ಗುಡ್ಡ ಹತ್ತಬಾರದು, ಎರಡೂ ಕಡೇದು ಹೊಸದು ಹಾಕ್ತೀನಿ ಅಂದೆ. ಹಳೇದರ ಮೇಲೇ ಓಡಾಡ್ಕೊಂಡಿದ್ದಿದ್ರೆ ಸೊಂಟ ನೋಯ್ತಿತ್ತು. ಜೀವ ಇರ್ತಿತ್ತು."

ಬ್ರಷ್ಷು ಮತ್ತೆ ಆಡತೊಡಗಿತು.

"ಬರ್ಕೋ ಪುಟ್ಟಿ, ನಾನೇ ಹೇಳ್ತೀನಿ. ನಟ್ಟು ಸಡಿಲ ಮಾಡ್ದೆ. ಬಿಗಿ ಮಾಡೋದು ಮರ್ತೆ. ಗೆರೆ ಎಳೆದೆ. ಮುಗೀತಲ್ಲ."

"ಗೆರೆ ನೀವೇ ಎಳೆದ್ರಾ?"

"ಹೂಂ."

"ನಿಮ್ಮ ಕೈಯಿಂದಾನೇ?"

"ಮತ್ತೇನು, ಕಾಲಿಂದ ಎಳೀತಾರಾ?"

"ದೊಡ್ಡಪ್ಪ, ನಾನು ಈ ಶೆಡ್ಡಲ್ಲೇ ಬೆಳೆದೋಳು. ನೀವು ಆ ಕುಂಚ ಮುಟ್ಟಿದ್ದನ್ನ ನಾನು ನೋಡೇ ಇಲ್ಲ."

ಬ್ರಷ್ಷು ನಿಂತಿತು. ಹಿತ್ತಲ ಬಾಗಿಲ ಕಡೆಯಿಂದ ಇನ್ನೊಂದು ದನಿ ಬಂತು.

"ಅಪ್ಪ ಸುಳ್ಳು ಹೇಳ್ತಿದ್ದಾರೆ ಪುಟ್ಟಿ. ಎಳೆದದ್ದು ನಾನು."

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದೇ ವಾರದಲ್ಲಿ ಅವಳ ಕುತ್ತಿಗೆ ಸಣ್ಣಗಾಗಿ ರವಿಕೆ ಹೆಗಲ ಮೇಲೆ ಸಡಿಲವಾಗಿ ನಿಂತಿತ್ತು.

"ಒಳಗೆ ಹೋಗಮ್ಮ ನೀನು," ಎಂದರು ದೊಡ್ಡಪ್ಪ.

"ಹೋಗಲ್ಲ. ಅವಳಿಗೆ ಆಗಲೇ ಗೊತ್ತಾಗಿದೆ, ಮುಖ ನೋಡಿ. ಅಲ್ವೇನೇ?"

ಇನ್ಸ್‌ಪೆಕ್ಟರ್ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಹಳದಿ ಚಕ್ಕೆಯನ್ನು ತೋರಿಸಿದಳು. "ಇದರ ಕೆಳಗೆ ಧೂಳಿದೆ ಅಕ್ಕ. ನಿನಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಕಾಣಿಸಿಯೂ ಎಳೆದ್ಯಾ?"

ಅಕ್ಕ ಅಪ್ಪನ ಕಡೆ ನೋಡಿದಳು, ಕಣ್ಣು ತಗ್ಗಿಸಿದಳು. "ಒರೆಸೋದು ಮರ್ತಿದ್ದಾರೆ ಅಂದ್ಕೊಂಡೆ. ಈಗೀಗ ಮರೀತಾರಲ್ಲ... ಒರೆಸಿಲ್ಲ ಅಂತ ಹೇಳಿದ್ರೆ ಅವರ ಮುಖ ಸಣ್ಣಗಾಗುತ್ತೆ. ನಾನೇ ಬೆರಳಿಂದ ಹಾಗೇ ಸವರಿ ಎಳೆದುಬಿಟ್ಟೆ. ಒರೆಸೋದನ್ನ ಮರೆಯೋರು ಬಿಗಿಯೋದನ್ನೂ ಮರೆತಿರ್ಬಹುದು ಅಂತ ನನಗೆ ಹೊಳೀಲೇ ಇಲ್ಲ ಕಣೇ."

"ಯಾರು ಮರೀತಾರೆ?" ಎಂದರು ದೊಡ್ಡಪ್ಪ. ದನಿ ಗಟ್ಟಿಯಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಪೊಟ್ಟಣ ಮಡಿಚಿ ಜೇಬಿಗೆ ಸೇರಿಸಿದಳು.

"ಯಾರು ಮರೀತಾರೆ ಅಂತ ಕೇಳ್ದೆ."

"ನೀವು ಅಪ್ಪ," ಎಂದಳು ಅಕ್ಕ. "ನಮಗೆ ಗೊತ್ತು. ನಮ್ಮ ಮನೆಯವರಿಗೂ ಗೊತ್ತಿತ್ತು. ಹೋದ ವರ್ಷ ಆ ಹಾಲಿನ ಗಾಡಿ ಚಕ್ರಕ್ಕೆ ನಟ್ಟೇ ಹಾಕದೆ ಕಳಿಸಿಬಿಡೋದ್ರಲ್ಲಿದ್ರಿ ನೋಡಿ, ಅವತ್ತಿಂದ. ನೀವು ಕೆಲಸ ಮುಗಿಸಿ ಕೈ ತೊಳೆಯೋಕೆ ಹೋದ್ರೆ ಅವರು ಸ್ಪ್ಯಾನರ್ ಹಿಡ್ಕೊಂಡು ಬಂದು ಒಂದೊಂದು ಗಾಡೀನೂ ಮುಟ್ಟಿ ನೋಡೋರು. ನಿಮಗೆ ಗೊತ್ತಾಗಬಾರದು ಅಂತ ಸದ್ದಿಲ್ಲದೆ."

ದೊಡ್ಡಪ್ಪನ ಕೈಯಿಂದ ಬ್ರಷ್ಷು ಜಾರಿ ಪಟ್ಟಿಗಳ ಮೇಲೆ ಬಿತ್ತು. "ಅವನು ನನ್ನ ಹಿಂದೆ ಹಿಂದೆ ಸುತ್ತಾನೆ, ನನ್ನ ಕೆಲಸದ ಮೇಲೆ ಅನುಮಾನ ಅಂತ ನಾನು... ಎರಡು ತಿಂಗಳಿಂದ ಅವನ ಹತ್ತಿರ ಸರಿಯಾಗಿ ಮಾತೇ ಆಡಿರ್ಲಿಲ್ಲ."

"ಗೊತ್ತು. 'ಮಾವನಿಗೆ ನನ್ನ ಮೇಲೆ ಕೋಪ ಇದ್ರೆ ಇರ್ಲಿ, ಅವರ ಮರ್ಯಾದೆ ಉಳೀಲಿ' ಅನ್ನೋರು."

"ಅವತ್ತು ಯಾಕೆ ನೋಡ್ಲಿಲ್ಲ?" ಎಂದು ಕೇಳಿದಳು ಇನ್ಸ್‌ಪೆಕ್ಟರ್. ಕೇಳಲೇಬೇಕಾದ ಪ್ರಶ್ನೆ.

ಅಕ್ಕ ಚೌಕಟ್ಟಿಗೆ ಹಣೆ ಒತ್ತಿದಳು. "ನೋಡೋಕೆ ಹೊರಟ್ರು. ನಾನೇ ತಡೆದೆ. ನಾನೇ ಗೆರೆ ಎಳೆದು ಬಂದಿದ್ದೀನಿ, ಅಪ್ಪನ ಮುಖಕ್ಕೆ ಮಸಿ ಬಳಿಯೋ ಹಾಗೆ ಇನ್ನೆಷ್ಟು ಸಲ ಪರೀಕ್ಷೆ ಮಾಡ್ತೀರಿ ಅಂತ ರೇಗಿದೆ. ಆಯ್ತು ಮಾರಾಯ್ತಿ ಅಂತ ನಕ್ಕು, ಸ್ಪ್ಯಾನರ್ ಕೆಳಗಿಟ್ಟು ಹೊರಟ್ರು. ಕೊನೇ ಮಾತು ಅದೇ ಕಣೇ. ಆಯ್ತು ಮಾರಾಯ್ತಿ."

ಹೊರಗೆ ಬ್ಯಾಟರಿ ಯಾರನ್ನೋ ಗದರುವುದು ಕೇಳಿಸಿತು. ಒಳಗೆ ಮೂವರೂ ನೆಲ ನೋಡುತ್ತಿದ್ದರು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮುಚ್ಚಿಟ್ಟ ಪ್ರೀತಿಯೆಲ್ಲ ಸೇರಿ ಒಬ್ಬ ಮನುಷ್ಯನನ್ನು ಕಮರಿಗೆ ತಳ್ಳಿತ್ತು. ಯಾವ ಕಾನೂನಿನ ಯಾವ ಕಲಮಿನಡಿ ಇದನ್ನು ಹಾಕುವುದು?

ಆದರೂ ಅವಳ ಪೊಲೀಸ್ ಬುದ್ಧಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಬಲಗಡೆ ಒರೆಸಿದವರು ಎಡಗಡೆ ಮಾತ್ರ ಹೇಗೆ ಮರೆತರು? ಮತ್ತೆ ಆ ಇಸ್ತ್ರಿ ಶರ್ಟು.

"ಅಕ್ಕ, ದೊಡ್ಡಪ್ಪ ಎಡಗಡೇದಕ್ಕೆ ಗೆರೆ ಅಂತ ಕೂಗಿದ್ದು ಯಾವಾಗ?"

"ಊಟದ ಹೊತ್ತಲ್ಲಿ. ಪಕ್ಕದ ಸ್ಕೂಲಲ್ಲಿ ಊಟದ ಗಂಟೆ ಹೊಡೆದು ಮಕ್ಕಳೆಲ್ಲ ಕಿರುಚ್ತಾ ಇದ್ರು. ಆ ಗಲಾಟೇಲೂ ಕೇಳಿ ಓಡಿ ಬಂದೆ."

"ಊಟದ ಗಂಟೆ?" ಎಂದರು ದೊಡ್ಡಪ್ಪ. ತಲೆ ಎತ್ತಿದ್ದರು. "ಊಟದ ಗಂಟೆ ಹೊಡೆದಾಗಲಾ?"

"ಹೂಂ ಅಪ್ಪ. ನೀವು ಜೀಪಿನ ಕೆಳಗಿದ್ರಲ್ಲ. ಆ ಕಡೆಯಿಂದ ಕಾಲು ಕಾಣ್ತಿತ್ತು. ನಾನು ಚಕ್ರದ ಹಿಂದಿಂದ ಕೈ ತೂರಿಸಿ ಎಳೆದೆ. ಟೀ ತರ್ಲಾ ಅಂದ್ರೆ ಊಹೂಂ ಅಂದ್ರಿ."

ದೊಡ್ಡಪ್ಪ ಬಲಗೈಯಿಂದ ಎಡಗೈಯನ್ನು ಹಿಸುಕಿಕೊಂಡರು. ಹೇಳಬೇಕೆಂದು ಬಾಯಿ ತೆರೆದು, ಮಗಳನ್ನು ನೋಡಿ ಮುಚ್ಚಿಕೊಂಡರು.

ಇನ್ಸ್‌ಪೆಕ್ಟರ್ ಎದ್ದು ಅವರೆದುರು ಮಂಡಿಯೂರಿದಳು. "ದೊಡ್ಡಪ್ಪ, ಅವತ್ತು ಒಳ್ಳೇ ಶರ್ಟ್ ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಇಲ್ಲ."

"ಜೈಲಿಗೆ ಹೋಗೋದಕ್ಕಿಂತ ನಾಚಿಕೆ ಆಗೋ ಜಾಗಾನಾ ಅದು?"

ಅವರು ಬಿದ್ದಿದ್ದ ಬ್ರಷ್ಷನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಪಟ್ಟಿಗಳಿಗೆ ಹೇಳುವವರ ಹಾಗೆ ಹೇಳಿದರು.

"ನರದ ಡಾಕ್ಟರ ಹತ್ತಿರ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿ. ಗಡಿಯಾರ ಬರೀರಿ ಅಂದ್ರು. ಅಷ್ಟೇನಾ ಅಂತ ನಗು ಬಂತು. ಒಂದು ಗಾಲಿ ಬರೆದೆ, ಚೆನ್ನಾಗೇ ಬಂತು. ಒಳಗೆ ಅಂಕಿ ಬರೀತಾ ಹೋದೆ... ಎಲ್ಲ ಒಂದೇ ಕಡೆ ಬಂದು ಗುಂಪಾಗಿ ಕೂತ್ಕೊಂಡ್ವು ಪುಟ್ಟಿ. ಅಳಿಸಿ ಬರೆದೆ. ಮತ್ತೂ ಹಾಗೇ. ಡಾಕ್ಟರು ಚಿಕ್ಕ ಹುಡುಗಿ, ಇರ್ಲಿ ಬಿಡಿ ತಾತ, ಮರೆವು ಶುರುವಾಗಿದೆ ಅಂತ ಹೆಗಲು ತಟ್ಟಿದಳು."

"ಅಪ್ಪಾ," ಎಂದು ಅಕ್ಕ ಬಂದು ಅವರ ಪಕ್ಕ ಕೂತಳು.

"ವಾಪಸ್ ಬಂದು ನೋಡಿದ್ರೆ ಎಡಗಡೆ ಗೆರೆ ಇತ್ತು. ಎಡಗಡೆ ಮುಟ್ಟೇ ಇಲ್ಲ ಅಂತ ನನ್ನ ಮನಸ್ಸು ಹೇಳ್ತಿತ್ತು. ಆದ್ರೆ ಗೆರೆ ಇದೆಯಲ್ಲ! ಡಾಕ್ಟರು ಹೇಳಿದ್ದು ಸರಿ, ನಾನೇ ಮಾಡಿ ಮರ್ತಿದ್ದೀನಿ ಅಂದ್ಕೊಂಡೆ. ನನ್ನ ತಲೆ ನಂಬಲಿಲ್ಲ, ಗೆರೆ ನಂಬಿದೆ."

ಇನ್ಸ್‌ಪೆಕ್ಟರ್ ಫೋನು ತೆಗೆದು, ಕ್ಲಿನಿಕ್ಕಿನ ನಂಬರು ಹುಡುಕಿ, ಹೊರಗೆ ಹೋಗದೆ ಮಂಡಿಯೂರಿದಲ್ಲೇ ವಿಚಾರಿಸಿದಳು. ಆ ಕಡೆ ಕ್ಲಿನಿಕ್ಕಿನ ಹೆಣ್ಣುಮಗಳೊಬ್ಬಳು. ಮಾತು ಮೂವರಿಗೂ ಕೇಳಿಸುವಷ್ಟು ಗಟ್ಟಿ.

"ಓ, ಆ ಮೆಕ್ಯಾನಿಕ್ ತಾತನಾ? ಬಂದಿದ್ರು ಮೇಡಂ. ನಾವು ಊಟಕ್ಕೆ ಶಟರ್ ಎಳೆಯೋಕೆ ಹೋದ್ರೂ ಅವರು ಗಡಿಯಾರ ಬಿಡ್ಲಿಲ್ಲ, ಬರೀತಾನೇ ಇದ್ರು. ನಮ್ಮ ಊಟ ಅವತ್ತು ತಣ್ಣಗೆ ಆಗೋಯ್ತು. ಅವರ ಕನ್ನಡಕ ಇಲ್ಲೇ ಬಿಟ್ಟುಹೋಗಿದ್ದಾರೆ, ಯಾರಾದ್ರೂ ಬಂದು ತಗೊಂಡು ಹೋಗಿ."

ದೊಡ್ಡಪ್ಪ ಕಣ್ಣಿನ ಮೇಲೆ ಕೈ ಆಡಿಸಿಕೊಂಡರು. "ಅಲ್ಲಿತ್ತಾ ಅದು!"

ಅಕ್ಕನಿಗೆ ನಗುವೋ ಅಳುವೋ ತಿಳಿಯದ ಒಂದು ಸದ್ದು ಗಂಟಲಿಂದ ಹೊರಟಿತು. ಅಪ್ಪನ ತೋಳು ಹಿಡಿದುಕೊಂಡು ಅಲುಗಾಡಿಸಿದಳು. "ನೀವಲ್ಲ ಅಪ್ಪ. ನೀವು ಮರೀಲಿಲ್ಲ. ನೀವಲ್ಲ!"

ಇನ್ಸ್‌ಪೆಕ್ಟರಿಗೂ ಒಂದು ಗಳಿಗೆ ಎದೆಯ ಭಾರ ಇಳಿದಂತಾಯಿತು. ದೊಡ್ಡಪ್ಪ ಉಳಿದರು. ಸಂಜೆ ಯಾವ ಮೀಸೆ ಬಂದರೂ ಅವರನ್ನು ಮುಟ್ಟುವಂತಿಲ್ಲ. ಆ ಗಳಿಗೆ ಕಳೆಯಿತು. ಅಕ್ಕನ ಕೈ ಅಪ್ಪನ ತೋಳಿನ ಮೇಲೆ ತಾನಾಗಿ ಸಡಿಲವಾಯಿತು.

"ಆದ್ರೆ ದನಿ ನಿಮ್ಮದೇ," ಎಂದಳು, ಮೆಲ್ಲಗೆ. "ಓವರಾಲ್ ಯಾರು ಬೇಕಾದ್ರೂ ಹಾಕ್ಕೊಳ್ಳಬಹುದು, ಮೊಳೆ ಮೇಲೇ ಇರುತ್ತೆ. ದನಿ ಹೇಗೆ ಅಪ್ಪ? ಹುಟ್ಟಿದಾಗಿಂದ ಕೇಳಿದ್ದೀನಿ. ಗೆರೇ ಅಂತ ಕೊನೇಲಿ ಎಳೆದು, ನಿಮ್ಮ ಹಾಗೇ."

"ಎಳೆದು?"

"ಹೂಂ. ಎಳೆದು."

ದೊಡ್ಡಪ್ಪ ಮಗಳನ್ನು ನೋಡಲಿಲ್ಲ. ಇನ್ಸ್‌ಪೆಕ್ಟರನ್ನು ನೋಡಿದರು. ಅವರ ಕಣ್ಣಲ್ಲಿ ಈಗ ಹೆದರಿಕೆ ಇರಲಿಲ್ಲ. ಜ್ವರದ ಮಗುವನ್ನು ನೋಡುವಾಗ ಇರುವಂಥದ್ದೇನೋ ಇತ್ತು.

"ಫೋನಲ್ಲಿ ಮಾತಾಡಿದ್ರೆ ಗಿರಾಕಿಗಳಿಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದರು. "ಅಣ್ಣ ಯಾರು, ತಮ್ಮ ಯಾರು ಅಂತ. ನಮ್ಮಮ್ಮನೇ ಎಷ್ಟೋ ಸಲ ಏಮಾರಿದ್ದಾಳೆ."

ತಮ್ಮ ಎಂದರೆ ಇನ್ಸ್‌ಪೆಕ್ಟರಿನ ಅಪ್ಪ.

ಶೆಡ್ಡಿನಲ್ಲಿ ಪಾಲು ಬೇಕೆಂದು ಅಣ್ಣನೊಂದಿಗೆ ಕಾದಾಡಿ, ತಾಯಿಯಿಲ್ಲದ ಮಗಳನ್ನು ಇದೇ ಶೆಡ್ಡಿನ ಒಳಕೋಣೆಯಲ್ಲಿ ಮಲಗಿದ್ದಂತೆಯೇ ಬಿಟ್ಟು ಹೊರಟುಹೋದ ಅಪ್ಪ. ಮುಖ ಅವಳಿಗೆ ಮಸುಕುಮಸುಕು. ದನಿ ನೆನಪಿಲ್ಲವೆಂದೇ ಅಂದುಕೊಂಡಿದ್ದಳು. ನೆನಪು ಮಾಡಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ ಅಷ್ಟೇ. ದಿನವೂ ದೊಡ್ಡಪ್ಪನ ಬಾಯಲ್ಲಿ ಅದನ್ನೇ ಕೇಳುತ್ತ ಬೆಳೆದಿದ್ದಳು.

"ಅಪ್ಪ ಬಂದಿದ್ದಾರಾ?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

"ಬಂದ ಹಾಗೆ ನೆನಪು. ಒಂದು ಸಂಜೆ ಬಂದು, ನೀನು ಈಗ ಕೂತಿದ್ದೆಯಲ್ಲ, ಆ ಪೆಟ್ಟಿಗೆ ಮೇಲೆ ಕೂತ. ಶೆಡ್ಡು ಅಳಿಯನ ಹೆಸರಿಗೆ ಮಾಡ್ತೀಯಂತೆ, ಹೌದಾ ಅಂದ. ಹೌದು ಅಂದೆ. ಬೆಳಗ್ಗೆ ಎದ್ದು ಬ್ಯಾಟರೀನ ಕೇಳಿದ್ರೆ ನಾನು ಯಾರನ್ನೂ ನೋಡಿಲ್ಲ ಮೇಸ್ತ್ರಿ ಅಂದ. ಹೋಗಿಬಿಟ್ಟವನು ಎದುರಿಗೆ ಬಂದು ಕೂತ ಹಾಗೆ ಕಾಣೋಕೆ ಶುರುವಾಯ್ತಲ್ಲ, ತಲೆ ಕೆಟ್ಟುಹೋಯ್ತು ಅಂತ ಹೆದರಿದೆ. ಅದಕ್ಕೇ ಪುಟ್ಟಿ ನಾನು ಡಾಕ್ಟರ ಹತ್ತಿರ ಹೋಗಿದ್ದು."

ಬೀದಿಯಲ್ಲಿ ಜೀಪೊಂದು ಬಂದು ನಿಂತ ಸದ್ದಾಯಿತು. ಬ್ಯಾಟರಿಯ ಗೊರಗೊರ ದನಿ: "ಬನ್ನಿ ಸಾರ್, ಒಳಗಿದ್ದಾರೆ."

ದೊಡ್ಡಪ್ಪ ಗಬಕ್ಕನೆ ಅವಳ ಕೈ ಹಿಡಿದರು. ಹಿಡಿತ ಇನ್ನೂ ಮೆಕ್ಯಾನಿಕ್ಕಿನ ಹಿಡಿತವೇ.

"ನನ್ನ ಹೆಸರೇ ಹೇಳು. ಕೇಳಿಲ್ಲಿ, ನಾನು ಮೊದಲು ಹೇಳಿದ್ದೇ ಹೇಳು. ಆ ಕ್ಲಿನಿಕ್ ಮಾತು ಎತ್ತಬೇಡ. ನನಗೇನು, ಒಳಗೆ ಹಾಕಿದ್ರೂ ಸ್ವಲ್ಪ ದಿನಕ್ಕೆ ಯಾಕೆ ಒಳಗಿದ್ದೀನಿ ಅನ್ನೋದೇ ಮರ್ತುಹೋಗುತ್ತೆ. ನಿನಗೆ ಮರೆಯೋಕೆ ಆಗಲ್ಲ. ಹೆತ್ತ ಅಪ್ಪನಿಗೆ ಕೋಳ ಹಾಕಿದ್ದನ್ನ ಹೊತ್ಕೊಂಡು ನೀನು ಬದುಕಬಾರದು."

ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ.

"ನನ್ನ ಗಂಡ ಸತ್ತಿದ್ದಾರೆ ಪುಟ್ಟಿ," ಎಂದಳು. ಅಷ್ಟೇ ಹೇಳಿದಳು.

ಬಾಗಿಲ ಬೆಳಕಿಗೆ ಅಡ್ಡವಾಗಿ ಮೀಸೆ ಸಾಹೇಬರು ಬಂದು ನಿಂತರು. ಒಳಗಿನ ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತ, ನೆಲದ ಮೇಲೆ ಕೂತ ಅಪ್ಪ ಮಗಳನ್ನೂ, ಮಂಡಿಯೂರಿದ್ದ ಇನ್ಸ್‌ಪೆಕ್ಟರನ್ನೂ ನೋಡಿ ಸಂಕೋಚದಿಂದ ಟೋಪಿ ತೆಗೆದರು.

"ತಪ್ಪು ತಿಳ್ಕೋಬೇಡಿ ಮೇಡಂ, ಹೊತ್ತಾಯ್ತು ಅಂತ ಬಂದೆ. ಏನಾದ್ರೂ ಗೊತ್ತಾಯ್ತಾ?"

ದೊಡ್ಡಪ್ಪನ ಕೈಯಿಂದ ಅವಳು ತನ್ನ ಕೈ ಬಿಡಿಸಿಕೊಂಡಳು. ಒಂದೊಂದೇ ಬೆರಳು ಬಿಡಿಸಬೇಕಾಯಿತು. ಎದ್ದು ನಿಂತಳು.

"ಗೊತ್ತಾಯ್ತು," ಎಂದಳು.

ಮೀಸೆ ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

"ಯಾರು ಮೇಡಂ? ಹೆಸರು ಹೇಳಿ."